ಎಲ್ಲರಿಗೂ ಒಂದೇ ಹಾಳೆ

ಮುಳಬಾಗಿಲು
2 ಡಿಸೆಂಬರ್ 2024

ಶಾಮಲಾ ಮಿಸ್ ಅವರಿಗೆ ಮೆಹರ್ ಬಾನು ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಮೊಬೈಲಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ, ಬರೆಯುವುದಾದರೆ ಕಾಗದವನ್ನೇ ಬರೆ ಎಂದಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ನಾನು ಇಷ್ಟುದ್ದ ಕನ್ನಡ ಬರೆಯುತ್ತಿರುವುದು ಇದೇ ಮೊದಲು. ಅಂಗಡಿಯ ಪುಸ್ತಕದಲ್ಲಿ ಎದೆ, ಸೊಂಟ, ತೋಳು ಎಂದು ಅಳತೆ ಬರೆಯುವುದು ಬರವಣಿಗೆಯೇ ಅಲ್ಲ. ತಪ್ಪಿದ್ದರೆ ಮನ್ನಿಸಿ.

ಕೋಲಾರದ ಯೋಗ ಶಿಬಿರ ಮುಗಿದು ಎಂಟು ದಿನವಾಯಿತು. ಮೊದಲ ದಿನವೇ ಸಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿ, “ಏ, ಖೋ-ಖೋ ಮೆಹರ್ ಅಲ್ವೇನೇ ನೀನು?” ಎಂದಿರಲ್ಲ, ಸಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನೇ ನೋಡಿದರು. ನೀವು ನಮ್ಮ ಹೈಸ್ಕೂಲಿನಲ್ಲಿ ಪಿ.ಟಿ. ಮಿಸ್ ಆಗಿದ್ದು, ನಾನು ಶಾಲೆ ಬಿಟ್ಟು ಮೂವತ್ತೊಂದು ವರ್ಷವಾಯಿತು. ಇಲ್ಲಿ ಯಾರಿಗೂ ನಾನು ಓಡುತ್ತಿದ್ದೆ ಎಂಬುದು ಗೊತ್ತಿಲ್ಲ. ಟೈಲರ್ ಮೆಹರ್ ಹೊಲಿದ ಬ್ಲೌಸು ಭುಜದ ಹತ್ತಿರ ಸುಕ್ಕಾಗುವುದಿಲ್ಲ, ಅಷ್ಟು ಗೊತ್ತು.

ನೀವು ಎಲ್ಲರಿಗೂ ಕೊಟ್ಟ ಹದಿನಾಲ್ಕು ಆಸನಗಳ ಹಾಳೆಯನ್ನು ಮೆಷೀನಿನ ಎದುರು ಗೋಡೆಗೆ ಅಂಟಿಸಿದ್ದೇನೆ. ಬೆಳಗಿನ ನಮಾಜು ಮುಗಿಸಿ ಶುರು ಮಾಡುತ್ತೇನೆ. ಹಲಾಸನದಲ್ಲಿ ಮಾತ್ರ, ಕಾಲು ತಲೆಯ ಹಿಂದೆ ನೆಲಕ್ಕೆ ತಾಗುವಾಗ ಕತ್ತು ಸ್ವಲ್ಪ ಹಿಡಿಯುತ್ತದೆ. ಹೊಸದಕ್ಕೆ ಹಾಗೆಯೇ ಇರಬಹುದು, ಅಲ್ಲವೇ?

ನಿಮ್ಮ ವಿದ್ಯಾರ್ಥಿನಿ
ಮೆಹರ್ ಬಾನು

*

ಶ್ರೀನಿವಾಸಪುರ
9 ಡಿಸೆಂಬರ್ 2024

ಮೆಹರ್‌ಗೆ ಆಶೀರ್ವಾದ.

ಕಾಗದ ತಲುಪಿತು. ಅರವತ್ತೆರಡು ಜನ ಶಿಬಿರಕ್ಕೆ ಬಂದಿದ್ದರು, ಬರೆದವಳು ನೀನೊಬ್ಬಳೇ.

ಕತ್ತು ಹಿಡಿಯುವುದು, ಸೊಂಟ ಹಿಡಿಯುವುದು ಎಲ್ಲ ಸೋಮಾರಿತನದ ಅಡ್ಡಹೆಸರುಗಳು. ಬಿಡಬೇಡ. ಹಲಾಸನವನ್ನು ಅರ್ಧ ನಿಮಿಷದಿಂದ ಮೂರು ನಿಮಿಷಕ್ಕೆ ಏರಿಸು, ತಾನೇ ಸಡಿಲವಾಗುತ್ತದೆ. ನಿನ್ನ ಮೈ ನನಗೆ ಗೊತ್ತಿಲ್ಲವೇನೇ? ಕಂಬ ಸುತ್ತುವಾಗ ಹಾವಿನ ಹಾಗೆ ತಿರುಗುತ್ತಿದ್ದವಳು ನೀನು. ಆ ಮೈಗೆ ಈ ಹದಿನಾಲ್ಕು ಆಸನ ಏನೇನೂ ಅಲ್ಲ.

ನಾನು ಈ ಅರವತ್ತೇಳರಲ್ಲೂ ಸೂರ್ಯ ಹುಟ್ಟುವುದರೊಳಗೆ ಹದಿನಾಲ್ಕನ್ನೂ ಮುಗಿಸುತ್ತೇನೆ. ನಿನಗೇನು ಬಂದಿದೆ?

ಶಾಮಲಮ್ಮ

*

ಮುಳಬಾಗಿಲು
18 ಡಿಸೆಂಬರ್ 2024

ಮಿಸ್,

ನೀವು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಮೂರು ನಿಮಿಷ ಆರಾಮಾಗಿ ಆಗುತ್ತಿದೆ. ಕತ್ತಿನ ನೋವು ಹೋಯಿತು. ಮದುವೆ ಬ್ಲೌಸುಗಳ ಕೆಲಸ ಬಹಳ ಇರುವುದರಿಂದ ಚಿಕ್ಕದಾಗಿ ಬರೆದಿದ್ದೇನೆ.

ಮೆಹರ್

*

ಶ್ರೀನಿವಾಸಪುರ
10 ಫೆಬ್ರವರಿ 2025

ಮೆಹರ್,

ನಾನು ಎರಡು ಕಾರ್ಡು ಹಾಕಿದೆ, ಉತ್ತರವಿಲ್ಲ. ಏಳು ವಾರವಾಯಿತು.

ನೇರವಾಗಿಯೇ ಕೇಳುತ್ತೇನೆ. ಮನೆಯಲ್ಲಿ ಯಾರಾದರೂ ಬೇಡ ಎಂದರೇ? ನಿಮ್ಮ ಕಡೆಯ ಹಿರಿಯರು ಒಪ್ಪಲಿಲ್ಲವೇ? ಹಾಗಿದ್ದರೆ ನಿನ್ನ ಯಜಮಾನರಿಗೆ ನಾನೇ ಬರೆದು ತಿಳಿಹೇಳುತ್ತೇನೆ. ಅದೂ ಅಲ್ಲದಿದ್ದರೆ ನೀನೇ ಕೈಬಿಟ್ಟೆ ಎಂದಾಯಿತು. ಜಿಲ್ಲಾ ಪಂದ್ಯದಲ್ಲಿ ಮಂಡಿ ಒಡೆದುಕೊಂಡು ರಕ್ತ ಸುರಿಯುತ್ತಿದ್ದರೂ ಓಡಿದವಳು ಈಗ ಒಂದು ಜಮಖಾನದ ಮೇಲೆ ಸೋತಳು ಅಂದರೆ ನಾನು ನಂಬಬೇಕೆ?

ಶಾಮಲಮ್ಮ

*

ಮುಳಬಾಗಿಲು
17 ಫೆಬ್ರವರಿ 2025

ಶಾಮಲಾ ಮಿಸ್ ಅವರಿಗೆ,

ನಮ್ಮ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಆ ಸಾಲು ಓದಿ ಕಾಗದ ಮಡಚಿ ಕಪಾಟಿನಲ್ಲಿಟ್ಟೆ. ಮಾರನೆಯ ದಿನವೇ ಮುಂದಕ್ಕೆ ಓದಲು ಆದದ್ದು. ದಿನಾ ಬೆಳಗ್ಗೆ ಜಮಖಾನ ಹಾಸಿಕೊಡುತ್ತಿದ್ದವರು ನನ್ನ ಯಜಮಾನರು ರಹಮತ್ತುಲ್ಲಾ ಅವರೇ. “ನಿಮ್ಮ ಮಿಸ್ ಹೇಳಿದ್ದನ್ನ ಮಾಡು, ಆ ಕೈ ಜೋಮು ಹೋದ್ರೆ ಸಾಕು” ಎನ್ನುತ್ತಿದ್ದರು.

ಹೌದು, ಕೈ ಜೋಮು. ನಿಮಗೆ ನಾನು ಹೇಳಿರಲಿಲ್ಲ. ಎರಡು ವರ್ಷದಿಂದ ಕತ್ತಿನಿಂದ ಬಲಗೈ ಬೆರಳಿನವರೆಗೂ ಇರುವೆ ಹರಿದ ಹಾಗಾಗುತ್ತಿತ್ತು. ಅದಕ್ಕೇ ಶಿಬಿರಕ್ಕೆ ಬಂದೆ. ಎರಡನೇ ದಿನ ಕೊಟ್ಟ ಫಾರಂನಲ್ಲಿ “ಏನಾದರೂ ತೊಂದರೆ ಇದೆಯೇ” ಎಂಬ ಕಡೆ “ಇಲ್ಲ” ಎಂದು ಬರೆದೆ. ಹಿಂದಿನ ದಿನ ನೀವು ಎಲ್ಲರೆದುರು ಖೋ-ಖೋ ಮೆಹರ್ ಎಂದಿದ್ದಿರಿ. ಆಮೇಲೆ ನೋವು ಅನ್ನಲು ಬಾಯಿ ಬರಲಿಲ್ಲ.

ಡಿಸೆಂಬರ್ ಹದಿನೆಂಟರಂದು ಬರೆದದ್ದು ಸುಳ್ಳು. ಇಪ್ಪತ್ತನೇ ತಾರೀಕು ಹಲಾಸನದಲ್ಲಿದ್ದಾಗ ಕತ್ತಿನಲ್ಲಿ ಏನೋ ಕಳಕ್ ಎಂದಿತು. ಯಜಮಾನರು ಬಂದು ಎತ್ತಿ ಕೂರಿಸಿದರು. ಮೂರು ವಾರ ಕತ್ತಿಗೆ ಪಟ್ಟಿ, ಕತ್ತರಿ ಹಿಡಿಯಲು ಬೆರಳಿನಲ್ಲಿ ಬಲವಿಲ್ಲ. ಕತ್ತಿನ ಮೂಳೆ ಮೊದಲಿನಿಂದಲೇ ಸವೆದಿತ್ತು, ಮೆಷೀನು ಬಿಟ್ಟುಬಿಡಿ ಎಂದರು ಡಾಕ್ಟರು. ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದೇನೆ ಮಿಸ್. ಅದನ್ನು ಬಿಟ್ಟು ನಾನು ಏನಾಗಲಿ?

ಜನವರಿಯಲ್ಲಿ ನನ್ನ ತಂಗಿಯ ಮಗಳು ಮೆಹ್ರೀನಳ ನಿಕಾಹ್ ಇತ್ತು. ಅವಳು ಹುಟ್ಟಿದಾಗಲೇ, ಮದುವೆ ಬಟ್ಟೆ ನಾನೇ ಹೊಲಿಯುವುದು ಎಂದು ಹೇಳಿಟ್ಟಿದ್ದೆ. ಬೇರೆ ಟೈಲರಿಗೆ ಕೊಟ್ಟರು. ಬಂದವರೆಲ್ಲ “ಎಷ್ಟು ಚೆನ್ನಾಗಿದೆ, ಯಾರು ಹೊಲಿದಿದ್ದು?” ಎಂದು ನನ್ನನ್ನೇ ಕೇಳಿದರು. ನಾನು ಆ ಟೈಲರ್ ಹೆಸರು ಹೇಳುತ್ತಾ ಕೂತಿದ್ದೆ.

ನಿಮ್ಮ ಮೇಲೆ ದೂರು ಹೇಳಲು ಇದನ್ನು ಬರೆಯಲಿಲ್ಲ. ಸೋತಳು ಎಂದಿರಲ್ಲ, ಅದಕ್ಕೆ ಬರೆದೆ.

ಮೆಹರ್ ಬಾನು

*

ಶ್ರೀನಿವಾಸಪುರ
6 ಮಾರ್ಚ್ 2025

ಮೆಹರ್,

ನಾಲ್ಕು ಸಲ ಉತ್ತರ ಶುರು ಮಾಡಿ ಹರಿದು ಹಾಕಿದೆ. ಇದು ಐದನೆಯದು.

ತಪ್ಪು ನನ್ನದು. ನಿಮ್ಮ ಮನೆಯವರ ಬಗ್ಗೆ ಬರೆದದ್ದಂತೂ ದೊಡ್ಡ ತಪ್ಪು. ಮುಖ ನೋಡದವರ ಬಗ್ಗೆ ಮನಸ್ಸಿಗೆ ಬಂದದ್ದನ್ನು ಬರೆದೆ. ರಹಮತ್ತುಲ್ಲಾ ಅವರಿಗೆ ನನ್ನ ಕ್ಷಮೆ ತಿಳಿಸು.

ಆ ಫಾರಂಗಳನ್ನು ಮೊನ್ನೆ ಹುಡುಕಿ ತೆಗೆದೆ. ದಾರ ಕಟ್ಟಿ ಇಟ್ಟಿದ್ದೆ, ಬಿಚ್ಚಿಯೇ ಇರಲಿಲ್ಲ. ಒಬ್ಬಳಿಗೆ ಬಿ.ಪಿ., ಒಬ್ಬಳಿಗೆ ಮಂಡಿ, ಒಬ್ಬಳಿಗೆ ಆಪರೇಷನ್ ಆಗಿ ಮೂರು ತಿಂಗಳು. ಎಲ್ಲರಿಗೂ ಒಂದೇ ಹಾಳೆ ಕೊಟ್ಟು ಸೀಟಿ ಊದಿದೆ. ನಿನ್ನ ವಿಷಯದಲ್ಲಿ ಇನ್ನೂ ಕೆಟ್ಟದ್ದು ಮಾಡಿದೆ. ನಲವತ್ತೇಳರ ಹೆಂಗಸು ಎದುರಿಗೆ ನಿಂತಿದ್ದರೆ ಹದಿನೈದರ ಹುಡುಗಿಗೆ ಪಾಠ ಹೇಳಿದೆ.

ಆ ಹಾಳೆಯನ್ನು ಕಿತ್ತುಹಾಕು. ನಿಮ್ಮ ಡಾಕ್ಟರು ಏನು ಬೇಡ ಎನ್ನುತ್ತಾರೋ ಅದನ್ನು ಮೊದಲು ಬರೆದುಕೊ. ಅದು ಜನ್ಮಕ್ಕೂ ಬೇಡ. ಒಂದು ವಾರ ಯಾವ ಆಸನವೂ ಬೇಡ. ಕೂತಲ್ಲಿ, ನಿಂತಲ್ಲಿ ನಿನ್ನನ್ನೇ ಗಮನಿಸು. ಆಮೇಲೆ ನನಗೆ ಬರೆ: ಬೆಳಗ್ಗೆ ಏಳುವಾಗ ಎಲ್ಲಿ ಬಿಗಿ ಇರುತ್ತದೆ? ಸಂಜೆಗೆ ಎಲ್ಲಿ? ಮೆಷೀನಿನ ಮುಂದೆ ಯಾವ ಕಾಲು ಮುಂದಿರುತ್ತದೆ? ತಲೆ ಎಷ್ಟು ಬಗ್ಗುತ್ತದೆ? ಯಾವಾಗ ಹಾಯೆನಿಸುತ್ತದೆ? ಇದನ್ನು ಶಿಬಿರದ ಮೊದಲ ದಿನ ಕೇಳಬೇಕಿತ್ತು.

ಶಾಮಲಮ್ಮ

*

ಮುಳಬಾಗಿಲು
14 ಏಪ್ರಿಲ್ 2025

ಪ್ರೀತಿಯ ಮಿಸ್,

ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. “ಟೀಚರಮ್ಮ ಇಷ್ಟು ದೊಡ್ಡ ಮಾತು ಯಾಕೆ ಬರೆದ್ರು, ಬಿಡು ಅನ್ನು” ಎಂದರು. ರಂಜಾನ್ ನಡೆಯುತ್ತಿತ್ತು, ಉಪವಾಸದಲ್ಲಿ ನಿಧಾನವಾಗಿಯೇ ಗಮನಿಸಿದೆ. ಅದಕ್ಕೇ ತಡ.

ಒಂದು ವಿಚಿತ್ರ ಕಂಡೆ. ನೇರ ಹೊಲಿಗೆ ಬಂದಾಗಲೆಲ್ಲ ನಾನು ಉಸಿರು ಹಿಡಿದುಬಿಡುತ್ತೇನೆ. ಒಂದು ತೋಳು ಮುಗಿಯುವವರೆಗೂ ಉಸಿರೇ ಇಲ್ಲ! ಭುಜ ಕಿವಿಗೆ ತಾಗುವಷ್ಟು ಮೇಲೆ ಹೋಗಿರುತ್ತದೆ. ಇಪ್ಪತ್ತಾರು ವರ್ಷ ಹೀಗೇ ಹೊಲಿದಿದ್ದೇನೆ, ಒಂದು ದಿನವೂ ಗೊತ್ತಾಗಿರಲಿಲ್ಲ. ಈಗ ಹೊಲಿಗೆ ಓಡುವಾಗ ಉಸಿರು ಬಿಡುತ್ತಾ ಹೋಗುತ್ತೇನೆ. ಮೊದಲ ವಾರ ಹೊಲಿಗೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಿದೆ.

ನಿಮ್ಮ ಕಾಗದ ಬಂದ ವಾರವೇ ಡಾಕ್ಟರಿಗೆ ಅದನ್ನು ತೋರಿಸಿದ್ದೆ. ಕತ್ತಿನ ಮೇಲೆ ಭಾರ ಬೀಳುವುದು, ತಲೆ ಹಿಂದಕ್ಕೆ ಬಾಗಿಸುವುದು ಬೇಡ, ಉಳಿದದ್ದು ನೋವಾಗದಷ್ಟು ಮಾಡಿ ಎಂದರು. ಮೆಷೀನನ್ನೂ ದಿನಕ್ಕೆ ಎರಡು ಗಂಟೆ ಮಾತ್ರ ಅಂತ ಬಿಟ್ಟುಕೊಟ್ಟರು. ಬಾಬಿನ್ ಖಾಲಿಯಾದಾಗಲೆಲ್ಲ ಏಳುತ್ತೇನೆ. ಬಟ್ಟೆ ಕತ್ತರಿಸುವ ಮೇಜಿನ ಅಂಚು ಹಿಡಿದು, ಕಾಲು ಹಿಂದಕ್ಕಿಟ್ಟು, ಸೊಂಟದಿಂದ ಬಗ್ಗಿ ಬೆನ್ನು ಉದ್ದ ಮಾಡುತ್ತೇನೆ. ಮಧ್ಯಾಹ್ನ ನೆಲದ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಸ್ಟೂಲಿನ ಮೇಲೆ ಇಟ್ಟುಬಿಟ್ಟರೆ ಸ್ವರ್ಗ. ಸಂಜೆ ಗೋಡೆಗೆ ಬೆನ್ನು ಕೊಟ್ಟು ಎರಡು ಕೈ ಮೇಲೆ ಜಾರಿಸುತ್ತೇನೆ. ಬಲಗೈ ಕಿವಿಯವರೆಗೆ ಮಾತ್ರ ಹೋಗುತ್ತದೆ. ಅಷ್ಟೇ ಬಿಡುತ್ತೇನೆ, ಒತ್ತುವುದಿಲ್ಲ.

ಇವು ಯಾವುವೂ ನಿಮ್ಮ ಹಾಳೆಯಲ್ಲಿ ಇರಲಿಲ್ಲ. ಇದನ್ನು ಯೋಗ ಎನ್ನಬಹುದೇ ಮಿಸ್?

ಮೆಹರ್

*

ಶ್ರೀನಿವಾಸಪುರ
24 ಏಪ್ರಿಲ್ 2025

ಮೆಹರ್‌ಗೆ ಆಶೀರ್ವಾದ.

ಎನ್ನಬಹುದು. ಧಾರಾಳವಾಗಿ ಎನ್ನಬಹುದು.

ಒಂದೆರಡು ತಿದ್ದುಪಡಿ. ಮೇಜು ಹಿಡಿದು ಬಗ್ಗುವಾಗ ತಲೆ ಜೋತು ಬೀಳದಿರಲಿ, ಕಿವಿ ತೋಳಿನ ನೇರಕ್ಕೇ ಇರಲಿ. ಮಂಡಿ ಸ್ವಲ್ಪ ಮಡಚಿದರೆ ಸೊಂಟಕ್ಕೆ ಒಳ್ಳೆಯದು. ಮಲಗಿದಾಗ ತಲೆಯಡಿ ಮಡಚಿದ ಟವೆಲ್ ಇಟ್ಟುಕೊ. ನೋವು ಬಂದ ದಿನ ಮಲಗುವುದೊಂದೇ ಮಾಡು, ಅದು ಕಡಿಮೆ ಎಂದು ತಿಳಿಯಬೇಡ.

ನಾನು ಎಂದಿನಂತೆ ಆರೋಗ್ಯ. ಬೆಳಗಿನ ಹದಿನಾಲ್ಕೂ ನಡೆದಿವೆ. ಇಲ್ಲಿ ಮಾವಿನಕಾಯಿ ಬಲಿಯುತ್ತಿವೆ. ಊರಿಗೆ ಊರೇ ಸೊನೆಯ ವಾಸನೆ.

ಶಾಮಲಮ್ಮ

*

ಮುಳಬಾಗಿಲು
29 ಮೇ 2025

ಮಿಸ್,

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ಹೋದ ಭಾನುವಾರ ನಾಹಿದ್ ಎಂಬ ನನ್ನ ಗೆಳತಿಯ ಮನೆ ಗೃಹಪ್ರವೇಶಕ್ಕೆ ಶ್ರೀನಿವಾಸಪುರಕ್ಕೆ ಬಂದಿದ್ದೆ. ನಿಮಗೆ ಹೇಳದೆ ಬಂದು ಆಶ್ಚರ್ಯಪಡಿಸೋಣ ಎಂದು ಮಧ್ಯಾಹ್ನ ನಿಮ್ಮ ಮನೆ ಹುಡುಕಿಕೊಂಡು ಬಂದೆ. ಮೆಟ್ಟಿಲ ಹತ್ತಿರ ಕೆಳಗಿನ ಮನೆಯ ಹುಡುಗಿ ಚಂದನ ಸಿಕ್ಕಳು.

“ಮಿಸ್ ಈಗ ಮಲಗಿದಾರೆ ಕಣಕ್ಕ, ಮಾತ್ರೆ ಕೊಟ್ಟಿದ್ದೀನಿ,” ಎಂದಳು.

“ಯಾಕಮ್ಮ, ಜ್ವರಾನಾ?”

“ನಿಮಗೆ ಗೊತ್ತಿಲ್ವಾ? ಎರಡು ವರ್ಷದಿಂದ ತಲೆಸುತ್ತು. ಆ ಕಿವಿಯಿಂದಾನೇ ಅಂತೆ. ತಲೆ ಬಗ್ಗಿಸಿದ್ರೆ ಸಾಕು, ಮನೆಯೆಲ್ಲ ಗಿರ್ರಂತ ತಿರುಗತ್ತಂತೆ. ತಲೆಕೆಳಗು ಏನೂ ಮಾಡ್ಬೇಡಿ ಅಂತ ಕೋಲಾರದ ಡಾಕ್ಟ್ರು ಹೇಳವ್ರೆ. ಕೇಳ್ತಾರಾ? ಮೊನ್ನೆ ಗುರುವಾರ ಶೀರ್ಷಾಸನ ಹಾಕಕ್ಕೆ ಹೋಗಿ ಬಿದ್ದು ಭುಜದ ಮೂಳೆ ಬಿರುಕು ಬಿಟ್ಟೈತೆ.”

ಬಾಗಿಲಿನಿಂದ ನೋಡಿದೆ. ಪಟ್ಟಿ ಕಟ್ಟಿದ ಭುಜ, ಮಂಚದ ಪಕ್ಕ ಹಿಡಿದುಕೊಳ್ಳಲು ಕುರ್ಚಿ, ಗೋಡೆಗೆ ಒರಗಿಸಿದ ಕೋಲು. ಎಬ್ಬಿಸದೆ ಹೊರಟುಬಿಟ್ಟೆ. ಆಗ ನೆನಪಾಯಿತು: ಶಿಬಿರದಲ್ಲಿ ನೀವು ಒಂದು ಆಸನವನ್ನೂ ಮಾಡಿ ತೋರಿಸಲಿಲ್ಲ. ಯಾವುದೋ ಕಾಲೇಜು ಹುಡುಗಿ ತೋರಿಸುತ್ತಿದ್ದಳು, ನೀವು ಕಂಬಕ್ಕೆ ಒರಗಿ ಎಣಿಸುತ್ತಿದ್ದಿರಿ.

ಬಸ್ಸಿನಲ್ಲಿ ಮುಳಬಾಗಿಲು ಬರುವವರೆಗೂ ಕೋಪ ಇತ್ತು. ಹದಿನಾಲ್ಕೂ ಮಾಡುತ್ತೇನೆ ಎಂದು ನೀವು ಬರೆಯದಿದ್ದರೆ ನಾನು ಆ ಮೂರು ನಿಮಿಷ ಹಟ ಹಿಡಿಯುತ್ತಿರಲಿಲ್ಲ. ಮನೆಗೆ ಬಂದಮೇಲೆ ಅಳು ಬಂತು. ನಾನೂ ಸುಳ್ಳು ಬರೆದವಳೇ ಅಲ್ಲವೇ.

ಮೆಹರ್

*

ಶ್ರೀನಿವಾಸಪುರ
8 ಜೂನ್ 2025

ಮೆಹರ್,

ಅಕ್ಷರ ಚಂದನಳದ್ದು. ಬಲಗೈ ಎತ್ತಲಾಗದು, ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಹೇಳದ್ದನ್ನು ಸೇರಿಸಬೇಡ ಎಂದಿದ್ದೇನೆ.

ನೀನು ಬಂದು ಹೋದದ್ದು ಗೊತ್ತಾದಾಗ ಮೈಯೆಲ್ಲ ಉರಿಯಿತು. ಕದ್ದು ನೋಡಿ ಹೋದಳು ಎಂದು ಬಯ್ದೆ. ನೀನು ಬರೆದದ್ದು ನಿಜ, ಅದಕ್ಕೇ ಬಯ್ದೆ.

ಮೂವತ್ತೆರಡು ವರ್ಷ ಮಕ್ಕಳಿಗೆ “ನೆಟ್ಟಗೆ ನಿಲ್ಲಿ” ಎಂದು ಕೂಗಿದವಳು ನಾನು. ಈಗ ನನಗೇ ನಿಲ್ಲಲು ಆಗುವುದಿಲ್ಲ ಎಂದು ಯಾರ ಹತ್ತಿರ ಹೇಳಲಿ? ಬೆಳಗ್ಗೆ ಎದ್ದು ಕೂತರೆ ಗೋಡೆ ನನ್ನ ಮೇಲೆ ಬರುತ್ತದೆ. ಬೀದಿಯಲ್ಲಿ ತೂರಾಡಿದರೆ ಜನ ಏನು ತಿಳಿದಾರು ಎಂದು ಮನೆಯಿಂದ ಹೊರಗೆ ಕಾಲಿಟ್ಟು ಮೂರು ತಿಂಗಳಾಯಿತು. ಡಾಕ್ಟರು ಕತ್ತು, ಕಣ್ಣು ತಿರುಗಿಸುವ ಚಿಕ್ಕ ವ್ಯಾಯಾಮ ಹೇಳಿಕೊಟ್ಟು ಚೀಟಿಯಲ್ಲಿ ಬರೆದುಕೊಟ್ಟರು. ಮಕ್ಕಳಾಟ ಎಂದು ಬಿಟ್ಟೆ.

ಇನ್ನೊಂದು ಮಾತು. ನಿನ್ನ ಏಪ್ರಿಲ್ ಕಾಗದ ಓದಿ ಸಂತೋಷವಾಯಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ನೀನು ನಿನ್ನದನ್ನು ಕಂಡುಕೊಂಡಿದ್ದೆ. ನನಗೆ ನನ್ನ ಹಳೆಯದೇ ವಾಪಸ್ಸು ಬೇಕಿತ್ತು. ಆ ಗುರುವಾರ ಗೋಡೆಯ ಹತ್ತಿರ ತಲೆ ಊರಿದ್ದು ಅದಕ್ಕೇ. ನಿನಗೆ ಬೇಡ ಎಂದದ್ದನ್ನು ನಾನು ಮಾಡಿದೆ.

ಚಂದನ ಬರೆಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಸಾಕು.

ಶಾಮಲಮ್ಮ

*

ಮುಳಬಾಗಿಲು
11 ಜೂನ್ 2025

ಮಿಸ್,

ಈ ಭಾನುವಾರ ಬರುತ್ತಿದ್ದೇನೆ, ಈ ಸಲ ಹೇಳಿಯೇ ಬರುತ್ತಿದ್ದೇನೆ. ಬೇಡ ಎಂದು ಬರೆದರೂ ಆ ಕಾಗದ ನಾನು ಹೊರಟ ಮೇಲೇ ತಲುಪುತ್ತದೆ.

ಭುಜಕ್ಕೆ ಪಟ್ಟಿ ಇರುವಾಗ ಬ್ಲೌಸು ಹಾಕುವುದು ಕಷ್ಟ. ಬಲತೋಳಿನ ಉದ್ದಕ್ಕೂ ಗುಂಡಿ ಇಟ್ಟು ಎರಡು ಹೊಲಿದಿದ್ದೇನೆ. ಅಳತೆ ಕಣ್ಣಂದಾಜು. ಡಾಕ್ಟರು ಹೇಳಿಕೊಟ್ಟ ಆ ಮಕ್ಕಳಾಟದ ಚೀಟಿ ಹುಡುಕಿ ಇಟ್ಟಿರಿ.

ಮೆಹರ್

*

ಮುಳಬಾಗಿಲು
2 ಜುಲೈ 2025

ಪ್ರೀತಿಯ ಮಿಸ್,

ಮೂಲೆಯಲ್ಲಿ ನಿಲ್ಲುವುದು ನಡೆದಿದೆಯೇ? ನಾನು ಬಂದ ಭಾನುವಾರ, ಎರಡು ಗೋಡೆ ಕೂಡುವ ಕಡೆ ಬೆನ್ನು ಕೊಟ್ಟು ನಿಲ್ಲಿ ಎಂದಾಗ “ನಾನೇನು ಹೋಮ್‌ವರ್ಕ್ ಮಾಡದ ಹುಡುಗೀನಾ?” ಎಂದು ರೇಗಿದಿರಿ. ಆಮೇಲೆ ನಿಂತಿರಿ, ಕಿಟಕಿಯ ಸರಳನ್ನೇ ನೋಡುತ್ತಾ ಇಪ್ಪತ್ತು ಉಸಿರು. ಪಾದ ನೆಲಕ್ಕೆ ಊರಿದ್ದು ಗೊತ್ತಾಗ್ತಾ ಇದೆ ಎಂದು ನೀವೇ ಹೇಳಿದಿರಿ. ಆ ಚೀಟಿಯ ಕಣ್ಣಿನ ವ್ಯಾಯಾಮ ಮಾತ್ರ ಕುರ್ಚಿಯಲ್ಲಿ ಕೂತೇ ಮಾಡಿ, ಚಂದನ ಪಕ್ಕದಲ್ಲಿರಲಿ.

ಇಲ್ಲಿ ನಾನು, ಡಾಕ್ಟರು ಒಪ್ಪಿದ ಮೇಲೆ, ದಿನಕ್ಕೆ ನಾಲ್ಕು ಗಂಟೆ ಹೊಲಿಯುತ್ತಿದ್ದೇನೆ. ಹಿಂದಿನ ಅರ್ಧ. ಇನ್ನು ಹೆಚ್ಚು ಮಾಡುವುದಿಲ್ಲ ಎಂದು ಗಿರಾಕಿಗಳಿಗೆ ಹೇಳಿಬಿಟ್ಟೆ. ಕೆಲವರು ಹೋದರು, ಕೆಲವರು ಕಾಯುತ್ತೇವೆ ಎಂದರು. ಜೋಮು ಪೂರ್ತಿ ಹೋಗಿಲ್ಲ, ಆದರೆ ಸೂಜಿ ಪೋಣಿಸುವಾಗ ಬೆರಳು ಮಾತು ಕೇಳುತ್ತದೆ. ನಿನ್ನೆ ಬೆಳಗ್ಗೆ ಕುರ್ಚಿ ಬಿಟ್ಟು ನೆಲದ ಮೇಲೆ ನಮಾಜು ಮಾಡಿದೆ. ಆರು ತಿಂಗಳಾಗಿತ್ತು. ಅವರಿಗೆ ಹೇಳಲಿಲ್ಲ, ಬಾಗಿಲಿನಿಂದ ಅವರೇ ನೋಡಿದ್ದರು. ಹೋಗಿ ಚಹಾ ಮಾಡಿಕೊಂಡು ಬಂದರು.

ಮೆಹರ್

*

ಶ್ರೀನಿವಾಸಪುರ
21 ಜುಲೈ 2025

ಪ್ರೀತಿಯ ಮೆಹರ್‌ಗೆ,

ಇದು ನನ್ನದೇ ಕೈ. ಅಕ್ಷರ ಕೋಳಿಕಾಲು, ಓದಿಕೊ. ನಿನ್ನ ಬ್ಲೌಸಿನ ಎಡ ಕಂಕುಳು ಸ್ವಲ್ಪ ಬಿಗಿ, ಮುಂದಿನ ಸಲ ಬಂದಾಗ ಬಿಡಿಸಿಕೊಡು.

ತಲೆಸುತ್ತು ಹೋಗಿಲ್ಲ. ಪೂರ್ತಿ ಹೋಗುವುದಿಲ್ಲ ಎಂದಿದ್ದಾರೆ. ಆದರೆ ಈಗ ಅದು ಬರುವ ಮೊದಲು ಗೊತ್ತಾಗುತ್ತದೆ, ಕೂತುಬಿಡುತ್ತೇನೆ. ಬೆಳಗ್ಗೆ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈಯೂರಿ, ಕಾಲು ಇಳಿಸಿ ಹತ್ತು ಉಸಿರು ಕಾಯುತ್ತೇನೆ. ಆಮೇಲೆ ಮೂಲೆ, ಆಮೇಲೆ ಗೋಡೆ ಹಿಡಿದು ನಡಿಗೆ. ಮೊನ್ನೆ ಕೋಲು ಹಿಡಿದು ಬೀದಿ ಕೊನೆಯವರೆಗೂ ಹೋಗಿಬಂದೆ. ಜನ ನೋಡಿದರು. ನೋಡಲಿ.

ಚಂದನ ಸುಮ್ಮನಿರುವವಳಲ್ಲ. ಮಾವಿನ ಮಂಡಿಯಲ್ಲಿ ಕಾಯಿ ಆರಿಸುವ ಐದು ಜನ ಹೆಂಗಸರಿಗೆ ಹೇಳಿ, ಸಂಜೆ ಕೆಳಗಿನ ಪಡಸಾಲೆಗೆ ಕರೆಸಿದ್ದಾಳೆ. ನಾನು ಕುರ್ಚಿಯಲ್ಲಿ ಕೂರುತ್ತೇನೆ, ಸೀಟಿ ಇಲ್ಲ. ಮೊದಲ ದಿನವೇ ಹೇಳಿಬಿಟ್ಟೆ, ನನಗೆ ಬಗ್ಗಿದರೆ ತಲೆ ಸುತ್ತುತ್ತದೆ, ಮಾಡಿ ತೋರಿಸಲು ಆಗುವುದಿಲ್ಲ ಎಂದು. ಯಾರೂ ಎದ್ದು ಹೋಗಲಿಲ್ಲ. “ನಮ್ಮದೂ ಅಂಗೇ ಕಣಮ್ಮ” ಎಂದರು.

ನಿನ್ನೆ ಹೊಸದಾಗಿ ಒಬ್ಬಳು ಬಂದಳು, ಮುನಿಯಲ್ಲಮ್ಮ. ಐವತ್ತೈದು ಇರಬಹುದು. ಸೀಸನ್ ಮುಗಿಯುತ್ತಾ ಬಂದಿದೆ, ಆದರೂ ಬೆಳಗಿನಿಂದ ನಿಂತೇ ಕೆಲಸ. ಪಾದ ಊದಿಕೊಂಡಿತ್ತು, ಬೆರಳೆಲ್ಲ ಸೊನೆಯಿಂದ ಸುಟ್ಟು ಕಪ್ಪಾಗಿತ್ತು. ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು:

“ಅಮ್ಮಾ, ನಂಗೆ ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ. ನಂಗೂ ಏನಾದ್ರೂ ಐತಾ ಇದ್ರಾಗೆ?”

“ಐತೆ. ಮೊದ್ಲು ಮಲಗು,” ಎಂದೆ.

ಮಲಗಿದಳು. ಕಾಲು ಸ್ಟೂಲಿನ ಮೇಲೆ ಇಡಿಸಿ, ತಲೆಯಡಿ ಟವೆಲ್ ಇಡಿಸಿದೆ. ಉಸಿರು ನೋಡಿಕೊ ಎಂದು ಹೇಳಿ ಇನ್ನೊಬ್ಬಳ ಕಡೆ ತಿರುಗಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಉಳಿದವರು ತಮ್ಮತಮ್ಮದು ಮುಗಿಸಿ ಮನೆಗೆ ಹೊರಟರು. ಚಂದನ ಬಂದು “ಎಬ್ಬಿಸ್ಲಾ ಮಿಸ್?” ಎಂದು ಕೈಸನ್ನೆ ಮಾಡಿದಳು. ಬೇಡ ಎಂದೆ.

ಅವಳು ಗೊರಕೆ ಹೊಡೆಯುತ್ತಿದ್ದಳಂತೆ, ಆಮೇಲೆ ಚಂದನ ಹೇಳಿ ನಕ್ಕಳು. ನನಗೆ ಅದು ಕೇಳಿಸಲಿಲ್ಲ. ಸೀರೆಯ ಸೆರಗು ಹೊಟ್ಟೆಯ ಮೇಲೆ ಏರುವುದು, ಇಳಿಯುವುದು ಮಾತ್ರ ಕಾಣುತ್ತಿತ್ತು. ಹೊತ್ತು ಮುಳುಗುವವರೆಗೂ ನಾನು ಕುರ್ಚಿಯಲ್ಲೇ ಕೂತು, ಅವಳು ಬಿಟ್ಟಾಗ ನಾನೂ ಉಸಿರು ಬಿಡುತ್ತಾ ಇದ್ದೆ.

ನಿನ್ನ
ಶಾಮಲಾ ಮಿಸ್